ಚಳಿಗೆ ಚೈನ್‌ಸಾ ಸ್ಟಾರ್ಟ್ ಆಗದಿದ್ದರೆ ಪ್ಲಗ್ ಬಿಚ್ಚಿ ಪೆಟ್ರೋಲ್ ಸುರಿಯಬಹುದೇ?

‘ಬೆಳಗ್ಗೆ ಚೈನ್‌ಸಾ ಸ್ಟಾರ್ಟ್ ಆಗ್ತಿಲ್ವಾ? ಪ್ಲಗ್ ಬಿಚ್ಚಿ, ಬಾಟಲಿ ಮುಚ್ಚಳದಷ್ಟು ಪೆಟ್ರೋಲ್ ಸುರಿದು ಹಗ್ಗ ಎಳೆಯಿರಿ. ಒಂದೇ ಎಳೆತಕ್ಕೆ ಸ್ಟಾರ್ಟ್!’ ಇಂಥ ಸಲಹೆಗಳು ಮೊಬೈಲಿನಿಂದ ಮೊಬೈಲಿಗೆ ದಾಟುತ್ತಲೇ ಇರುತ್ತವೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ತೋಟ ಇರುವವರ ಮನೆಯಲ್ಲಿ ಮರ ಕೊಯ್ಯುವ ಮಷಿನ್ ಇರುವುದು ಸಾಮಾನ್ಯವಾದ್ದರಿಂದ ನಿಮಗೂ ಒಮ್ಮೆ ಬಂದಿರಬಹುದು.

ಹೀಗೆ ಮಾಡಿದಾಗ ಕೆಲವೊಮ್ಮೆ ಮಷಿನ್ ಸ್ಟಾರ್ಟ್ ಆಗುವುದೂ ನಿಜ. ಆದ್ದರಿಂದಲೇ ಜನ ಇದನ್ನು ನಂಬುತ್ತಾರೆ. ಆದರೆ ಇದರಿಂದ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಅಷ್ಟೇ ಅಲ್ಲ, ಮಷಿನ್ ಯಾಕೆ ಸ್ಟಾರ್ಟ್ ಆಗುತ್ತಿಲ್ಲ ಎಂಬ ಕಾರಣವೂ ಹಾಗೇ ಉಳಿಯುತ್ತದೆ.

ಚಳಿಗೂ ಎಂಜಿನ್‌ಗೂ ಏನು ಸಂಬಂಧ?

ಎಂಜಿನ್ ಒಳಗೆ ಉರಿಯುವುದು ಪೆಟ್ರೋಲಿನ ಹನಿಯಲ್ಲ, ಅದರ ಆವಿ. ಎಂಜಿನ್ ತಣ್ಣಗಿದ್ದಾಗ ಒಳಗೆ ಬಂದ ಪೆಟ್ರೋಲಿನ ಒಂದಷ್ಟು ಪಾಲು ಮಾತ್ರ ಆವಿಯಾಗುತ್ತದೆ, ಉಳಿದದ್ದು ತಣ್ಣನೆಯ ಲೋಹಕ್ಕೆ ಅಂಟಿಕೊಳ್ಳುತ್ತದೆ. ಈ ಕೊರತೆ ತುಂಬಲು ಇರುವುದೇ ಚೋಕ್. ಅದು ಗಾಳಿ ಬರುವ ದಾರಿಯನ್ನು ಮುಚ್ಚುತ್ತದೆ, ಆಗ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚು ಎಳೆದುಕೊಳ್ಳುತ್ತದೆ. ಹಳೆಯ ಟೂ-ಸ್ಟ್ರೋಕ್ ಸ್ಕೂಟರ್ ಓಡಿಸಿದವರಿಗೆ ಇದು ಹೊಸದೇನಲ್ಲ. ಚೋಕ್ ಎಳೆದು, ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ ಕಿಕ್ ಹೊಡೆಯುತ್ತಿದ್ದ ಕಾಲ ನೆನಪಿರಬೇಕು.

ಆದರೆ ನಮ್ಮ ಚಳಿ ಅಂಥ ದೊಡ್ಡ ಚಳಿಯೇನಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುವ ದೇಶಗಳಲ್ಲೂ ಇದೇ ಚೈನ್‌ಸಾಗಳಿಂದ ಮರ ಕಡಿಯುತ್ತಾರೆ. 12-15 ಡಿಗ್ರಿಯ ಬೆಳಗಿನಲ್ಲಿ ನಿಮ್ಮ ಮಷಿನ್ ಹಟ ಮಾಡುತ್ತಿದ್ದರೆ ತಪ್ಪು ಬೇರೆಲ್ಲೋ ಇದೆ.

ಪೆಟ್ರೋಲ್ ಸುರಿದರೆ ಅಪಾಯ ಏಕೆ?

ಪ್ಲಗ್ ಬಿಚ್ಚಿದ ತೂತಿಗೆ ಪೆಟ್ರೋಲ್ ಸುರಿದು ಹಗ್ಗ ಎಳೆದರೆ ಪಿಸ್ಟನ್ ಆ ಪೆಟ್ರೋಲನ್ನು ಸಣ್ಣ ಹನಿಗಳಾಗಿ ಹೊರಗೆ ಚಿಮ್ಮಿಸುತ್ತದೆ. ಸ್ವಿಚ್ ಆನ್ ಇದ್ದು, ಪ್ಲಗ್‌ನ ವೈರು ಅಲ್ಲೇ ಪಕ್ಕದಲ್ಲಿ ನೇತಾಡುತ್ತಿದ್ದರೆ ಸಾವಿರಾರು ವೋಲ್ಟ್‌ನ ಕಿಡಿ ಹಾರುವುದು ಅದೇ ಜಾಗದಲ್ಲಿ. ಬಗ್ಗಿ ನೋಡುತ್ತಿರುವವರ ಮುಖ ಅಲ್ಲಿಂದ ಒಂದು ಮೊಳ ದೂರವೂ ಇರುವುದಿಲ್ಲ. ‘ಕಿಡಿ ಬರ್ತಿದೆಯಾ ನೋಡೋಣ’ ಎಂದು ಪ್ಲಗ್ಗನ್ನು ಸಿಲಿಂಡರ್ ಮೇಲೆ ಒರಗಿಸಿ ಹಗ್ಗ ಎಳೆಯುವುದರಲ್ಲೂ ಇದೇ ಅಪಾಯವಿದೆ.

ಇನ್ನೊಂದು ತೊಂದರೆ ನಿಧಾನವಾಗಿ ಗೊತ್ತಾಗುವಂಥದ್ದು. ಟೂ-ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲಿನ ಜೊತೆ ಬರುವ ಆಯಿಲೇ ಜೀವಾಳ. ಬರೀ ಪೆಟ್ರೋಲ್ ಸುರಿದರೆ ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ಪದರ ತೊಳೆದುಹೋಗುತ್ತದೆ. ದಿನಾ ಬೆಳಗ್ಗೆ ಇದೇ ಅಭ್ಯಾಸವಾದರೆ ಪಿಸ್ಟನ್ ಗೀರು ಬೀಳಲು ಹೆಚ್ಚು ದಿನ ಬೇಡ.

ಹಾಗಾದರೆ ಸರಿಯಾದ ಕ್ರಮ ಯಾವುದು?

ಮಷಿನನ್ನು ನೆಲದ ಮೇಲಿಟ್ಟು, ಚೈನ್ ಬ್ರೇಕ್ ಹಾಕಿ, ಹಿಂದಿನ ಹಿಡಿಯನ್ನು ಪಾದದಿಂದ ಒತ್ತಿ ಹಿಡಿಯಿರಿ. ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗ ಜಗ್ಗುವ ವಿಡಿಯೊಗಳು ನೋಡಲು ಭರ್ಜರಿಯಾಗಿರುತ್ತವೆ, ಆದರೆ ಸ್ಟಾರ್ಟ್ ಆದ ಕ್ಷಣ ಚೈನ್ ಎತ್ತ ತಿರುಗುತ್ತದೆ ಎನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ.

ಪ್ಲಾಸ್ಟಿಕ್ ಪಂಪ್ ಗುಂಡಿ ಇದ್ದರೆ ಅದರಲ್ಲಿ ಪೆಟ್ರೋಲ್ ಕಾಣುವವರೆಗೆ ಒತ್ತಿ. (ಹೆಚ್ಚು ಸಲ ಒತ್ತಿದರೆ ಪೆಟ್ರೋಲ್ ತುಂಬಿಕೊಳ್ಳುತ್ತದೆ ಎಂಬ ಹೆದರಿಕೆ ಬೇಡ. ಹೆಚ್ಚಿನ ಚೈನ್‌ಸಾಗಳಲ್ಲಿ ಅದು ಪೈಪಿನಲ್ಲಿರುವ ಗಾಳಿಯನ್ನು ತೆಗೆದು, ಹೆಚ್ಚಾದ ಪೆಟ್ರೋಲನ್ನು ಟ್ಯಾಂಕ್‌ಗೇ ಹಿಂದಿರುಗಿಸುತ್ತದೆ.) ಚೋಕ್ ಪೂರ್ತಿ ಹಾಕಿ ಹಗ್ಗ ಎಳೆಯಿರಿ. ಕೆಲವು ಎಳೆತಗಳ ನಂತರ ‘ಬುರ್’ ಎಂದು ಒಮ್ಮೆ ಸದ್ದು ಮಾಡಿ ನಿಲ್ಲುತ್ತದೆ. ಎಷ್ಟೋ ಜನ ಎಡವುವುದು ಇಲ್ಲೇ. ಆ ಸದ್ದು ಬಂದ ಕೂಡಲೇ ಚೋಕನ್ನು ಅರ್ಧಕ್ಕೆ ತರಬೇಕು. ಪೂರ್ತಿ ಚೋಕ್‌ನಲ್ಲೇ ಎಳೆಯುತ್ತಾ ಹೋದರೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಒದ್ದೆಯಾಗುತ್ತದೆ, ಒದ್ದೆ ಪ್ಲಗ್ ಕಿಡಿ ಕೊಡುವುದಿಲ್ಲ. ಮುಂಚೆಯೇ ಪೆಟ್ರೋಲ್ ಹೆಚ್ಚಾಗಿರುವ ಎಂಜಿನ್‌ಗೆ ಮತ್ತೆ ಒಂದು ಮುಚ್ಚಳ ಸುರಿಯಿರಿ ಎನ್ನುತ್ತದೆ ಫಾರ್ವರ್ಡ್!

ಹಾಗೆ ಒದ್ದೆಯಾಗಿದ್ದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಬಿಚ್ಚಿ ಬಟ್ಟೆಯಿಂದ ಒರೆಸಿ. ವೈರನ್ನು ತೂತಿನಿಂದ ದೂರ ಇಟ್ಟು, ಬೀಡಿ-ಬೆಂಕಿ ಇಲ್ಲದ ಬಯಲಿನಲ್ಲಿ ಹಗ್ಗವನ್ನು ಆರೆಂಟು ಸಲ ಎಳೆದರೆ ಒಳಗಿನ ಪೆಟ್ರೋಲ್ ಹೊರಗೆ ಬರುತ್ತದೆ. ಮತ್ತೆ ಪ್ಲಗ್ ಹಾಕಿ, ಚೋಕ್ ಇಲ್ಲದೆ ಪ್ರಯತ್ನಿಸಿ. ಪ್ಲಗ್ಗನ್ನು ಒಲೆಯಲ್ಲಿ ಕಾಯಿಸುವುದು ಬೇಡ, ಅದು ಪೆಟ್ರೋಲಿನಲ್ಲಿ ನೆಂದಿರುತ್ತದೆ.

ಪ್ಲಗ್ ಬಿಚ್ಚಿದಾಗ ಒಮ್ಮೆ ಸರಿಯಾಗಿ ನೋಡಿ. ಅಷ್ಟು ಎಳೆದ ಮೇಲೂ ಪೂರ್ತಿ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ ಎಂದರ್ಥ, ಟ್ಯಾಂಕ್ ಒಳಗಿನ ಫಿಲ್ಟರ್ ಕಟ್ಟಿರಬಹುದು. ಕಪ್ಪು ಮಸಿ ಹಿಡಿದಿದ್ದರೆ ಆಯಿಲ್ ಹೆಚ್ಚಾಗಿರಬಹುದು ಅಥವಾ ಏರ್ ಫಿಲ್ಟರ್ ಮರದ ಪುಡಿಯಿಂದ ತುಂಬಿರಬಹುದು. ‘ಆಯಿಲ್ ಜಾಸ್ತಿ ಹಾಕಿದ್ರೆ ಎಂಜಿನ್ ಬಾಳಿಕೆ ಬರುತ್ತೆ’ ಎಂಬ ನಂಬಿಕೆಯೂ ಸರಿಯಲ್ಲ. ಈಗಿನ ಬಹಳಷ್ಟು ಮಷಿನ್‌ಗಳಿಗೆ ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್ ಆದರೆ 50ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಸಾಕು. ನಿಮ್ಮ ಮಷಿನ್‌ನ ಪುಸ್ತಕದಲ್ಲಿ ಬೇರೆ ಲೆಕ್ಕ ಇದ್ದರೆ ಅದನ್ನೇ ಅನುಸರಿಸಿ.

ನಿಜವಾದ ಕಳ್ಳ ಟ್ಯಾಂಕ್‌ನಲ್ಲಿರಬಹುದು

ಮಳೆಗಾಲದಲ್ಲಿ ರಸ್ತೆಗೆ ಬಿದ್ದ ಮರ ಕೊಯ್ದು ಮೂಲೆಗಿಟ್ಟ ಮಷಿನ್ ಮತ್ತೆ ಹೊರಗೆ ಬರುವುದು ಡಿಸೆಂಬರ್‌ನಲ್ಲಿ. ಟ್ಯಾಂಕ್‌ನಲ್ಲಿ ಆಗಿನ ಪೆಟ್ರೋಲೇ ಇರುತ್ತದೆ. ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶಗಳು ಮೊದಲು ಹಾರಿಹೋಗುತ್ತವೆ, ತಣ್ಣನೆಯ ಎಂಜಿನ್‌ಗೆ ಬೇಕಾಗಿರುವುದು ಅವೇ. ಜೊತೆಗೆ ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರಿನಂಶ ಹೆಚ್ಚಾದರೆ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ, ಫಿಲ್ಟರ್ ಹೀರುವುದೂ ತಳದಿಂದಲೇ. ಆದ್ದರಿಂದ ಬೇರೇನನ್ನೂ ಬಿಚ್ಚುವ ಮೊದಲು ಹಳೆಯ ಮಿಶ್ರಣ ತೆಗೆದು ಹೊಸದು ಹಾಕಿ ನೋಡಿ. ಬೆರೆಸಿದ ಪೆಟ್ರೋಲನ್ನು ಸುಮಾರು ಒಂದು ತಿಂಗಳೊಳಗೆ ಮುಗಿಸುವುದು ಒಳ್ಳೆಯದು.

ಹೊಸ ಪೆಟ್ರೋಲ್, ಸರಿಯಾದ ಚೋಕ್, ಒಣ ಪ್ಲಗ್ ಎಲ್ಲ ಇದ್ದೂ ಬೆಳಗ್ಗೆ ಮಾತ್ರ ಸತಾಯಿಸಿ, ಬಿಸಿಯಾದ ಮೇಲೆ ಸಲೀಸಾಗಿ ಓಡುತ್ತಿದ್ದರೆ ಕಾರ್ಬೊರೇಟರ್ ಒಳಗಿನ ರಬ್ಬರ್ ಪೊರೆ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ಇದನ್ನು ಮೆಕ್ಯಾನಿಕ್ ಬದಲಿಸಿಕೊಡುತ್ತಾರೆ. ಹಗ್ಗ ಎಳೆದಾಗ ಸ್ವಲ್ಪವೂ ಬಿಗಿ ಅನ್ನಿಸದೆ ಸರಾಗವಾಗಿ ಬಂದರೆ ಕಂಪ್ರೆಶನ್ ಹೋಗಿದೆ ಎಂದರ್ಥ. ಅದಕ್ಕೆ ಮನೆಯಲ್ಲಿ ಮಾಡುವ ಮದ್ದಿಲ್ಲ.