ಸ್ಪಾರ್ಕಲ್ ಪ್ರಶ್ನೆಗಳ ದೋಷಪರಿಹಾರ

ಸ್ಪಾರ್ಕಲ್ ಪ್ರಶ್ನೆಗಳ ದೋಷಪರಿಹಾರ ಎಂದರೆ ಮುಕ್ತ ಸಂಯೋಜಿತ ದತ್ತಾಂಶದ ಭಂಡಾರಗಳಿಗೆ ಸ್ಪಾರ್ಕಲ್ ಭಾಷೆಯಲ್ಲಿ ಬರೆದ ಪ್ರಶ್ನೆಯು ನಡೆಯದಿದ್ದಾಗ, ಬರಿದಾದ ಫಲಿತಾಂಶ ನೀಡಿದಾಗ ಅಥವಾ ತಪ್ಪು ಉತ್ತರ ನೀಡಿದಾಗ ಕಾರಣವನ್ನು ಪತ್ತೆಹಚ್ಚಿ ಸರಿಪಡಿಸುವ ಕ್ರಮವಾಗಿದೆ. ಇಂತಹ ಭಂಡಾರಗಳಲ್ಲಿ ವಿಕಿಡೇಟಾ ಮತ್ತು ಡಿಬಿಪೀಡಿಯಗಳು ಪ್ರಮುಖವಾದವು. ದೋಷಸೂಚನೆ ತೋರಿಸಿ ನಿಂತುಹೋಗುವ ಪ್ರಶ್ನೆಗಿಂತ, ಯಾವ ಸೂಚನೆಯನ್ನೂ ನೀಡದೆ ಅಪೂರ್ಣ ಪಟ್ಟಿಯನ್ನು ಒಪ್ಪಿಸುವ ಪ್ರಶ್ನೆಯು ಹೆಚ್ಚು ಅಪಾಯಕಾರಿ. ಏಕೆಂದರೆ ಆ ಪಟ್ಟಿಯು ಲೇಖನಗಳಿಗೂ ಪಾಠಗಳಿಗೂ ಸತ್ಯವೆಂಬಂತೆ ಸೇರಿಹೋಗುತ್ತದೆ.

ಹಿನ್ನೆಲೆ

ಸಂಯೋಜಿತ ದತ್ತಾಂಶದ ತತ್ತ್ವಗಳನ್ನು ಟಿಮ್ ಬರ್ನರ್ಸ್-ಲೀ ಅವರು 2006ರಲ್ಲಿ ನಿರೂಪಿಸಿದರು. ಇದರಲ್ಲಿ ಪ್ರತಿಯೊಂದು ಸಂಗತಿಯನ್ನೂ ಕರ್ತೃ, ಗುಣ ಮತ್ತು ಮೌಲ್ಯ ಎಂಬ ಮೂರು ಭಾಗಗಳ ತ್ರಿಪದಿಯಾಗಿ ದಾಖಲಿಸಲಾಗುತ್ತದೆ. ಇವುಗಳನ್ನು ಪ್ರಶ್ನಿಸುವ ಸ್ಪಾರ್ಕಲ್ ಭಾಷೆಯು 2008ರಲ್ಲಿ ವರ್ಲ್ಡ್ ವೈಡ್ ವೆಬ್ ಒಕ್ಕೂಟದ ಶಿಫಾರಸಾಯಿತು, ಅದರ 1.1ನೆಯ ಆವೃತ್ತಿ 2013ರಲ್ಲಿ ಬಂದಿತು. ವಿಕಿಡೇಟಾ 2012ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಅದರ ಪ್ರಶ್ನೆ ಸೇವೆಯು 2015ರಲ್ಲಿ ಸಾರ್ವಜನಿಕರಿಗೆ ದೊರೆಯಿತು. ವಿಕಿಡೇಟಾದಲ್ಲಿ ವಸ್ತುಗಳನ್ನು ಕ್ಯೂ-ಸಂಖ್ಯೆಯಿಂದಲೂ ಗುಣಗಳನ್ನು ಪಿ-ಸಂಖ್ಯೆಯಿಂದಲೂ ಗುರುತಿಸಲಾಗುತ್ತದೆ. ಉದಾಹರಣೆಗೆ ಕರ್ನಾಟಕವು ಕ್ಯೂ1185, ‘ಪಡೆದ ಪ್ರಶಸ್ತಿ’ ಎಂಬ ಗುಣವು ಪಿ166.

ವಾಕ್ಯರಚನೆಯ ದೋಷಗಳು

ಮುಚ್ಚದ ಆವರಣ, ತ್ರಿಪದಿಗಳ ನಡುವೆ ಬಿಟ್ಟುಹೋದ ಚುಕ್ಕಿ ಮತ್ತು ಘೋಷಿಸದ ಪೂರ್ವಪ್ರತ್ಯಯ ಇವು ಸಾಮಾನ್ಯ ದೋಷಗಳು. ಇವನ್ನು ಯಂತ್ರವೇ ಸಾಲಿನ ಸಂಖ್ಯೆಯೊಡನೆ ಸೂಚಿಸುತ್ತದೆಯಾದರೂ, ನಿಜವಾದ ತಪ್ಪು ಹಲವು ಬಾರಿ ಹಿಂದಿನ ಸಾಲಿನಲ್ಲಿರುತ್ತದೆ. ಸ್ಪಾರ್ಕಲ್‌ನ ಆದೇಶಪದಗಳಲ್ಲಿ ರೋಮನ್ ಲಿಪಿಯ ದೊಡ್ಡಕ್ಷರ–ಚಿಕ್ಕಕ್ಷರಗಳ ಭೇದವಿಲ್ಲ. ಆದರೆ ಚರಗಳ ಹೆಸರಿನಲ್ಲಿ ಆ ಭೇದವುಂಟು. ಒಂದೇ ಅಕ್ಷರದ ವ್ಯತ್ಯಾಸವಾದರೂ ಯಂತ್ರವು ಅದನ್ನು ಹೊಸ ಚರವೆಂದು ಭಾವಿಸಿ, ದೋಷಸೂಚನೆಯಿಲ್ಲದೆ ಮುಂದುವರಿಯುತ್ತದೆ.

ಬರಿದಾದ ಫಲಿತಾಂಶ

ಪ್ರಶ್ನೆ ಸರಾಗವಾಗಿ ನಡೆದರೂ ಒಂದು ಸಾಲೂ ಬಾರದಿರುವುದಕ್ಕೆ ಮುಖ್ಯ ಕಾರಣಗಳು ಹೀಗಿವೆ:

* ಭಾಷಾಸೂಚಕದ ಲೋಪ: ಭಂಡಾರದಲ್ಲಿ ಹೆಸರುಗಳು ಭಾಷಾಸೂಚಕದೊಡನೆ ಇರುತ್ತವೆ. ಕನ್ನಡದ ಸೂಚಕವಾದ ‘ಕೆಎನ್’ ಇಲ್ಲದೆ ಬರೆದ ಪದವು ಸೂಚಕವಿರುವ ಅದೇ ಪದಕ್ಕೆ ಸಮವಾಗುವುದಿಲ್ಲ.
* ಹೆಸರಿನ ರೂಪಭೇದ: ಕುವೆಂಪು ಮತ್ತು ಕೆ. ವಿ. ಪುಟ್ಟಪ್ಪ ಒಬ್ಬರೇ ಆದರೂ, ಶೀರ್ಷಿಕೆಯ ಸ್ಥಾನದಲ್ಲಿ ಒಂದು ಭಾಷೆಗೆ ಒಂದೇ ಹೆಸರಿರುತ್ತದೆ. ಉಳಿದವು ಪರ್ಯಾಯ ಹೆಸರುಗಳ ಸ್ಥಾನದಲ್ಲಿರುತ್ತವೆ. ಆದುದರಿಂದ ಹೆಸರಿನ ಬದಲು ಕ್ಯೂ-ಸಂಖ್ಯೆಯನ್ನೇ ಬಳಸುವುದು ಕ್ಷೇಮ.
* ಲಿಪಿಯ ಅಗೋಚರ ಭೇದ: ‘ರಾಜ್‌ಕುಮಾರ್’ ಎಂಬಲ್ಲಿ ಜಕಾರ ಮತ್ತು ಕಕಾರಗಳು ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಚಿಹ್ನೆಯಿರುತ್ತದೆ. ‘ಕೊ’ ಮುಂತಾದ ಅಕ್ಷರಗಳ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ ಆಗಿ ಕಾಣುವ ಈ ರೂಪಗಳು ಯಂತ್ರಕ್ಕೆ ಬೇರೆ ಬೇರೆ ಪದಗಳು.
* ಶ್ರೇಣಿಯ ಅಂತರ: ಹಳ್ಳಿಯು ಸಾಮಾನ್ಯವಾಗಿ ತಾಲ್ಲೂಕಿಗೂ, ತಾಲ್ಲೂಕು ಜಿಲ್ಲೆಗೂ, ಜಿಲ್ಲೆಯು ರಾಜ್ಯಕ್ಕೂ ಜೋಡಣೆಯಾಗಿರುತ್ತದೆ. ‘ಆಡಳಿತ ವ್ಯಾಪ್ತಿ’ ಎಂಬ ಪಿ131 ಗುಣದಿಂದ ನೇರವಾಗಿ ಕರ್ನಾಟಕವನ್ನೇ ಕೇಳಿದರೆ ಇಂತಹ ಹಳ್ಳಿಗಳು ಸಿಗುವುದಿಲ್ಲ. ಗುಣದ ಮುಂದೆ ಸಂಕಲನದ ಚಿಹ್ನೆಯನ್ನಿಟ್ಟು, ಅದನ್ನು ಒಂದು ಅಥವಾ ಹೆಚ್ಚು ಬಾರಿ ಅನುಸರಿಸುವಂತೆ ಸೂಚಿಸಬೇಕು.

ಕಾಣೆಯಾಗುವ ಸಾಲುಗಳು

ಪ್ರಶ್ನೆಯಲ್ಲಿ ಬರೆದ ಪ್ರತಿಯೊಂದು ತ್ರಿಪದಿಯೂ ಕಡ್ಡಾಯ ನಿಬಂಧನೆಯಾಗಿದೆ. ಲೇಖಕರ ಪಟ್ಟಿಯಲ್ಲಿ ನಿಧನದ ದಿನಾಂಕವನ್ನೂ ಕೇಳಿದರೆ ಬದುಕಿರುವ ಲೇಖಕರೆಲ್ಲರೂ ಪಟ್ಟಿಯಿಂದ ಹೊರಗುಳಿಯುತ್ತಾರೆ. ಜನ್ಮಸ್ಥಳವನ್ನು ಕೇಳಿದರೆ, ಅದನ್ನು ಯಾರೂ ದಾಖಲಿಸದ ಲೇಖಕರು ಕಾಣೆಯಾಗುತ್ತಾರೆ. ಕಡಿಮೆ ವಿವರಗಳು ದಾಖಲಾಗಿರುವ ಭಾಷೆಗಳ ಲೇಖಕರಿಗೆ ಈ ದೋಷದಿಂದ ಹೆಚ್ಚಿನ ಹಾನಿಯಾಗುತ್ತದೆ. ಇಂತಹ ಭಾಗಗಳನ್ನು ‘ಆಪ್ಷನಲ್’ ಎಂಬ ಐಚ್ಛಿಕ ಆವರಣದೊಳಗೆ ಇಡಬೇಕು. ನಿಧನದ ವರ್ಷಕ್ಕೆ ಸಂಬಂಧಿಸಿದ ‘ಫಿಲ್ಟರ್’ ಆ ಆವರಣದ ಹೊರಗಿದ್ದರೆ, ಮೌಲ್ಯವಿಲ್ಲದ ಸಾಲುಗಳು ಮತ್ತೆ ಅಳಿಸಿಹೋಗುತ್ತವೆ ಎಂಬುದನ್ನು ಗಮನಿಸಬೇಕು.

ವಿಕಿಡೇಟಾದ ಹೇಳಿಕೆಗಳಿಗೆ ಆದ್ಯತೆ, ಸಾಮಾನ್ಯ ಮತ್ತು ಅಮಾನ್ಯ ಎಂಬ ಮೂರು ದರ್ಜೆಗಳಿವೆ. ‘ಡಬ್ಲ್ಯುಡಿಟಿ’ ಎಂಬ ಸರಳ ಪೂರ್ವಪ್ರತ್ಯಯವು ಲಭ್ಯವಿರುವವುಗಳಲ್ಲಿ ಅತ್ಯುತ್ತಮ ದರ್ಜೆಯ ಹೇಳಿಕೆಗಳನ್ನು ಮಾತ್ರ ನೀಡುತ್ತದೆ. ಒಬ್ಬರ ಹಲವು ಪ್ರಶಸ್ತಿಗಳಲ್ಲಿ ಒಂದಕ್ಕೆ ಆದ್ಯತೆಯ ದರ್ಜೆ ಕೊಟ್ಟಿದ್ದರೆ, ಉಳಿದ ಪ್ರಶಸ್ತಿಗಳು ಈ ದಾರಿಯಲ್ಲಿ ಕಾಣಿಸುವುದಿಲ್ಲ.

ಮರುಕಳಿಸುವ ಹಾಗೂ ಬೆರೆತುಹೋದ ಸಾಲುಗಳು

ಒಬ್ಬ ವ್ಯಕ್ತಿಗೆ 3 ವೃತ್ತಿಗಳೂ 2 ಭಾಷೆಗಳೂ ದಾಖಲಾಗಿದ್ದು, ಎರಡನ್ನೂ ಒಟ್ಟಿಗೆ ಕೇಳಿದರೆ 6 ಸಾಲುಗಳು ಬರುತ್ತವೆ. ಅವುಗಳನ್ನು ಎಣಿಸಿ 6 ಲೇಖಕರೆಂದು ಭಾವಿಸುವುದು ತಪ್ಪು. ವ್ಯಕ್ತಿಗಳನ್ನು ಎಣಿಸುವಾಗ ‘ಡಿಸ್ಟಿಂಕ್ಟ್’ ಪದವನ್ನೂ, ಮೌಲ್ಯಗಳನ್ನು ಒಂದೇ ಸಾಲಿನಲ್ಲಿ ಪೋಣಿಸಲು ‘ಗ್ರೂಪ್ ಬೈ’ ವಿಧಾನವನ್ನೂ ಬಳಸಲಾಗುತ್ತದೆ.

ಪ್ರಶಸ್ತಿ ಮತ್ತು ವರ್ಷವನ್ನು ಬೇರೆ ಬೇರೆ ಹೇಳಿಕೆಗಳಿಂದ ಪಡೆದಾಗ ಇನ್ನೂ ಸೂಕ್ಷ್ಮವಾದ ದೋಷ ಉಂಟಾಗುತ್ತದೆ. ಕುವೆಂಪು ಅವರಿಗೆ 1955ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1958ರಲ್ಲಿ ಪದ್ಮಭೂಷಣ ಮತ್ತು 1967ರ ಜ್ಞಾನಪೀಠ ಪ್ರಶಸ್ತಿ ಸಂದಿವೆ. ದೋಷಯುಕ್ತ ಪ್ರಶ್ನೆಯು ಜ್ಞಾನಪೀಠದೊಡನೆ ಈ ಎಲ್ಲ ವರ್ಷಗಳನ್ನೂ ಜೋಡಿಸುವುದರಿಂದ, ಜ್ಞಾನಪೀಠವು ಸ್ಥಾಪನೆಯಾಗುವ ಮೊದಲೇ ಅವರಿಗೆ ದೊರೆತಂತೆ ತೋರುತ್ತದೆ. ಹೇಳಿಕೆಯನ್ನು ಒಂದು ಚರದಲ್ಲಿ ಹಿಡಿದಿಟ್ಟು, ಪ್ರಶಸ್ತಿಯನ್ನೂ ವರ್ಷವನ್ನೂ ಅದೇ ಚರದಿಂದ ಪಡೆಯುವುದು ಇದಕ್ಕೆ ಪರಿಹಾರ.

ಸಮಯ ಮೀರುವಿಕೆ

ವಿಕಿಡೇಟಾದ ಸಾರ್ವಜನಿಕ ಸೇವೆಯು 60 ಸೆಕೆಂಡುಗಳ ಮಿತಿಯನ್ನು ಮೀರಿದ ಪ್ರಶ್ನೆಯನ್ನು ನಿಲ್ಲಿಸುತ್ತದೆ. ಸಾಮಾನ್ಯ ಚರವಿಲ್ಲದ ಎರಡು ಭಾಗಗಳು ಒಂದೇ ಪ್ರಶ್ನೆಯಲ್ಲಿದ್ದರೆ, 1,000 ಸಾಲುಗಳ ಎರಡು ಪಟ್ಟಿಗಳಿಂದ 10 ಲಕ್ಷ ಜೋಡಿಗಳು ಹುಟ್ಟುತ್ತವೆ. ಫಲಿತಾಂಶವನ್ನು ವಿಂಗಡಿಸಲು ಕೇಳಿದ್ದರೆ ‘ಲಿಮಿಟ್’ ಹಾಕಿದರೂ ಹೊರೆ ಇಳಿಯುವುದಿಲ್ಲ. ಮೊದಲ 10 ಸಾಲುಗಳನ್ನು ಆರಿಸಲು ಎಲ್ಲವನ್ನೂ ಲೆಕ್ಕಹಾಕಬೇಕಾಗುತ್ತದೆ. ಅತ್ಯಂತ ಕಿರಿದಾದ ಗುಂಪನ್ನು ಉಪಪ್ರಶ್ನೆಯಲ್ಲಿ ಮೊದಲು ಆರಿಸಿ, ಶೀರ್ಷಿಕೆಗಳನ್ನು ಕೊನೆಗೆ ಸೇರಿಸುವುದರಿಂದ ಬಹಳಷ್ಟು ಪ್ರಶ್ನೆಗಳು ಹಗುರವಾಗುತ್ತವೆ.

ಶೀರ್ಷಿಕೆಯ ಬದಲು ಕ್ಯೂ-ಸಂಖ್ಯೆ ಕಾಣುವುದು

ಶೀರ್ಷಿಕೆ ಸೇವೆಗೆ ಕನ್ನಡವನ್ನು ಮಾತ್ರ ಸೂಚಿಸಿದ್ದು, ಆ ವಸ್ತುವಿಗೆ ಕನ್ನಡ ಶೀರ್ಷಿಕೆ ಇಲ್ಲದಿದ್ದರೆ ಬರಿಯ ಸಂಖ್ಯೆ ಕಾಣಬಹುದು. ಕನ್ನಡದ ನಂತರ ಇಂಗ್ಲಿಷನ್ನೂ ಸೂಚಿಸುವುದು ತಾತ್ಕಾಲಿಕ ಉಪಾಯ. ವಿಕಿಡೇಟಾದಲ್ಲಿಯೇ ಕನ್ನಡ ಶೀರ್ಷಿಕೆಯನ್ನು ಸೇರಿಸುವುದು ಶಾಶ್ವತ ಪರಿಹಾರ.

ಪರಿಶೀಲನೆಯ ಕ್ರಮ

ದೋಷವಿರುವ ಪ್ರಶ್ನೆಯನ್ನು ಒಂದೇ ತ್ರಿಪದಿಗೆ ಇಳಿಸಿ, ನಂತರ ಒಂದೊಂದಾಗಿ ಸಾಲುಗಳನ್ನು ಸೇರಿಸುತ್ತ ಪ್ರತಿ ಹಂತದಲ್ಲಿಯೂ ಫಲಿತಾಂಶವನ್ನು ಎಣಿಸಬೇಕು. ಎಣಿಕೆಯು ಅನಿರೀಕ್ಷಿತವಾಗಿ ಕುಸಿದ ಅಥವಾ ಏರಿದ ಹಂತದಲ್ಲಿಯೇ ದೋಷವನ್ನು ಮೊದಲು ಹುಡುಕಬೇಕು. ಉತ್ತರ ಮೊದಲೇ ತಿಳಿದಿರುವ ಪ್ರಶ್ನೆಯಿಂದ ವಿಧಾನವನ್ನು ಪರೀಕ್ಷಿಸುವುದೂ ಉಪಯುಕ್ತ: ಕುವೆಂಪು ಅವರಿಂದ ಚಂದ್ರಶೇಖರ ಕಂಬಾರರವರೆಗೆ ಜ್ಞಾನಪೀಠ ಪಡೆದ ಕನ್ನಡ ಲೇಖಕರು 8 ಮಂದಿ. ಪ್ರಶ್ನೆಯು 7 ಅಥವಾ 20 ಸಾಲುಗಳನ್ನು ನೀಡಿದರೆ, ಅದೇ ವಿಧಾನದಲ್ಲಿ ತಯಾರಿಸಿದ ದೊಡ್ಡ ಪಟ್ಟಿಯನ್ನೂ ನಂಬುವಂತಿಲ್ಲ.

ಮಿತಿಗಳು

ಸಂಯೋಜಿತ ದತ್ತಾಂಶವು ‘ಮುಕ್ತ ಜಗತ್ತಿನ’ ನಿಯಮವನ್ನು ಅನುಸರಿಸುತ್ತದೆ: ದಾಖಲಾಗದ ಸಂಗತಿಯು ಸುಳ್ಳೆಂದು ಅರ್ಥವಲ್ಲ. ಆದುದರಿಂದ ನಿರ್ದೋಷವಾದ ಪ್ರಶ್ನೆಯ ಫಲಿತಾಂಶವೂ ಭಂಡಾರದಲ್ಲಿ ದಾಖಲಾಗಿರುವುದರ ಪಟ್ಟಿಯೇ ಹೊರತು ಲೋಕದಲ್ಲಿರುವುದರ ಪೂರ್ಣ ಪಟ್ಟಿಯಲ್ಲ. ಪ್ರಶ್ನೆಯಲ್ಲಿ ತಪ್ಪು ಕಾಣದಿದ್ದಾಗ ದಾಖಲೆಯನ್ನೇ ಪರಿಶೀಲಿಸಬೇಕಾಗುತ್ತದೆ. ವಿಕಿಡೇಟಾದಲ್ಲಿ ಅಂತಹ ಲೋಪವನ್ನು ಕಂಡ ಓದುಗರು ಆಧಾರಸಹಿತವಾಗಿ ತಾವೇ ತಿದ್ದಬಹುದು.