ಭೂಕಂಪ ಒಂದೇ, ನಡುಕ ಬೇರೆ ಬೇರೆ: ಕಾಲ ಕೆಳಗಿನ ಮಣ್ಣು ಏನು ಮಾಡುತ್ತದೆ?

1985ರ ಸೆಪ್ಟೆಂಬರ್ 19ರ ಬೆಳಿಗ್ಗೆ ಮೆಕ್ಸಿಕೋದ ಪಶ್ಚಿಮ ಕರಾವಳಿಯಲ್ಲಿ 8.0 ಪ್ರಮಾಣದ ಭೂಕಂಪ ಆಯಿತು. ರಾಜಧಾನಿ ಮೆಕ್ಸಿಕೋ ಸಿಟಿ ಅಲ್ಲಿಂದ ಸುಮಾರು 350 ಕಿ.ಮೀ. ದೂರ. ಅಷ್ಟು ದೂರ ಬರುವಷ್ಟರಲ್ಲಿ ಅಲೆಗಳು ಸೊರಗಿರಬೇಕಿತ್ತು. ಆದರೆ ನಗರದ ನಡುಭಾಗದಲ್ಲಿ ನೂರಾರು ಕಟ್ಟಡಗಳು ಕುಸಿದವು, ಸಾವಿರಾರು ಜನ ಸತ್ತರು. ಅದೇ ನಗರದ ದಕ್ಷಿಣ ಭಾಗದಲ್ಲಿ, ಲಾವಾ ಬಂಡೆಯ ಮೇಲೆ ನಿಂತಿರುವ ರಾಷ್ಟ್ರೀಯ ವಿಶ್ವವಿದ್ಯಾಲಯದ ಆವರಣಕ್ಕೆ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ.

ಭೂಕಂಪ ಒಂದೇ, ನಗರವೂ ಒಂದೇ. ವ್ಯತ್ಯಾಸ ಇದ್ದದ್ದು ಮಣ್ಣಿನಲ್ಲಿ.

ಕೆರೆಯ ಮೇಲೆ ಕಟ್ಟಿದ ನಗರ

ಅಜ್ಟೆಕ್ ಜನರ ರಾಜಧಾನಿ ಇದ್ದದ್ದು ಟೆಶ್ಕೋಕೋ ಸರೋವರದ ನಡುವಿನ ದ್ವೀಪದಲ್ಲಿ. ಸ್ಪೇನಿನವರು ಅದನ್ನು ಗೆದ್ದ ಮೇಲೆ ಶತಮಾನಗಳ ಕಾಲ ನೀರನ್ನು ಹೊರಹರಿಸಿ, ಸರೋವರದ ತಳದ ಮೇಲೆಯೇ ನಗರ ಬೆಳೆಸಲಾಯಿತು. ಅಲ್ಲಿ ಹತ್ತಾರು ಮೀಟರ್ ದಪ್ಪಕ್ಕೆ ನೀರು ತುಂಬಿದ ಮೆತ್ತನೆಯ ಜೇಡಿಮಣ್ಣಿದೆ. 1985ರಲ್ಲಿ ವಿಶ್ವವಿದ್ಯಾಲಯದ ಬಂಡೆಯ ಮೇಲಿನ ಮಾಪಕಗಳು ದಾಖಲಿಸಿದ ಗರಿಷ್ಠ ವೇಗೋತ್ಕರ್ಷ ಗುರುತ್ವದ ಸುಮಾರು ಶೇ. 4ರಷ್ಟು. ಸರೋವರದ ತಳದ ಒಂದು ಮಾಪಕದಲ್ಲಿ ಅದು ಸುಮಾರು ಶೇ. 17. ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು.

ಮೆತ್ತನೆ ಮಣ್ಣು ಯಾಕೆ ಹೆಚ್ಚು ಅಲುಗುತ್ತದೆ?

ಕಾರಣ ಎರಡು. ಮೊದಲನೆಯದು ವೇಗ. ಗಟ್ಟಿ ಬಂಡೆಯಲ್ಲಿ ಜೋರಾಗಿ ಓಡುವ ಅಲೆ ಮೆತ್ತನೆ ಮಣ್ಣಿಗೆ ಬಂದಾಗ ನಿಧಾನ ಆಗುತ್ತದೆ. ಹೊತ್ತು ತಂದ ಶಕ್ತಿ ಎಲ್ಲಿಗೆ ಹೋಗಬೇಕು? ಅಲೆಯ ತೂಗಾಟ ದೊಡ್ಡದಾಗುತ್ತದೆ.

ಎರಡನೆಯದು ಅನುರಣನ. ಮಣ್ಣಿನ ಪದರದೊಳಗೆ ಸಿಕ್ಕಿಕೊಂಡ ಅಲೆ ನೆಲದ ಮೇಲ್ಮೈಗೂ ಕೆಳಗಿನ ಬಂಡೆಗೂ ನಡುವೆ ಓಡಾಡುತ್ತದೆ. ಜೋಕಾಲಿಯನ್ನು ಅದರದೇ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳುವಿಕೆಗೂ ಎತ್ತರಕ್ಕೆ ಹೋಗುತ್ತದಲ್ಲ, ಹಾಗೆ. ಪ್ರತಿ ಪದರಕ್ಕೂ ಒಂದು ಲಯ ಇದೆ. ಲೆಕ್ಕ ಸರಳ: ಪದರದ ದಪ್ಪವನ್ನು 4ರಿಂದ ಗುಣಿಸಿ, ಅದರಲ್ಲಿ ಅಲೆ ಓಡುವ ವೇಗದಿಂದ ಭಾಗಿಸಿ. 40 ಮೀಟರ್ ಜೇಡಿಮಣ್ಣು, ಸೆಕೆಂಡಿಗೆ 80 ಮೀಟರ್ ವೇಗ ಅಂದುಕೊಂಡರೆ ಉತ್ತರ 2 ಸೆಕೆಂಡ್. ಮೆಕ್ಸಿಕೋ ಸಿಟಿಯ ನಡುಭಾಗ ಅಂದು ತೂಗಾಡಿದ್ದು ಹೆಚ್ಚುಕಡಿಮೆ ಅದೇ ಲಯದಲ್ಲಿ.

ಕಟ್ಟಡಕ್ಕೂ ಲಯ ಇದೆ. ಅಂದಾಜಿಗೆ ಮಹಡಿಗೆ 0.1 ಸೆಕೆಂಡ್ ಅನ್ನುತ್ತಾರೆ. ಹತ್ತು ಮಹಡಿಗೆ 1 ಸೆಕೆಂಡ್. ಅಲುಗಾಡಿ ಬಿರುಕು ಬಿಟ್ಟಂತೆ ಕಟ್ಟಡ ಸಡಿಲವಾಗಿ, ಅದರ ಲಯ 2 ಸೆಕೆಂಡಿನ ಕಡೆಗೆ ಜಾರುತ್ತದೆ. ಹಾಗಾಗಿಯೇ ಹೆಚ್ಚು ಪೆಟ್ಟು ತಿಂದದ್ದು 6ರಿಂದ 15 ಮಹಡಿಯ ಕಟ್ಟಡಗಳು. ಅದೇ ಮಣ್ಣಿನ ಮೇಲೆ, ಆಳವಾದ ಅಡಿಪಾಯದೊಂದಿಗೆ ನಿಂತಿದ್ದ 44 ಮಹಡಿಯ ಟೊರ್ರೆ ಲ್ಯಾಟಿನೋಅಮೆರಿಕಾನಾ ಉಳಿಯಿತು. 2017ರ ಸೆಪ್ಟೆಂಬರ್ 19ರಂದು ಹತ್ತಿರದಲ್ಲೇ 7.1 ಪ್ರಮಾಣದ ಭೂಕಂಪ ಆದಾಗ ಜೇಡಿ ಪದರ ತೆಳುವಾಗಿರುವ ಕಡೆ, ಕಡಿಮೆ ಎತ್ತರದ ಕಟ್ಟಡಗಳು ಹೆಚ್ಚು ಬಿದ್ದವು. ಅಂದರೆ "ಎತ್ತರದ ಕಟ್ಟಡ ಅಪಾಯ, ಚಿಕ್ಕದು ಸುರಕ್ಷಿತ" ಅನ್ನುವ ನಂಬಿಕೆಗೆ ಆಧಾರ ಇಲ್ಲ.

ನಮ್ಮ ಕಡೆ?

2001ರ ಜನವರಿ 26ರ ಭುಜ್ ಭೂಕಂಪ ನೆನಪಿಸಿಕೊಳ್ಳಿ. ಕೇಂದ್ರದಿಂದ ಇನ್ನೂರು ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟ್‌ಗಳು ಕುಸಿದು ನೂರಾರು ಜನ ಸತ್ತರು. ಆ ನಗರ ಇರುವುದು ಸಾಬರಮತಿಯ ಮೆಕ್ಕಲು ಮಣ್ಣಿನ ಮೇಲೆ. ಕೆಳಗೆ ಬರೀ ಕಂಬ ನಿಲ್ಲಿಸಿ ಪಾರ್ಕಿಂಗ್ ಮಾಡಿದ್ದ ಕಟ್ಟಡಗಳ ದೌರ್ಬಲ್ಯವೂ ಅದರ ಜೊತೆ ಸೇರಿತು.

ಬೆಂಗಳೂರನ್ನು ಮೆಕ್ಸಿಕೋ ಸಿಟಿಗೆ ಹೋಲಿಸುವುದು ತಪ್ಪಾಗುತ್ತದೆ. ಇಲ್ಲಿ ಬಂಡೆ ಅಷ್ಟು ಆಳದಲ್ಲಿಲ್ಲ, ಭೂಕಂಪದ ಅಪಾಯವೂ ಕಡಿಮೆ. 2016ರ ಐಎಸ್ 1893 ಮಾನದಂಡ ಬೆಂಗಳೂರನ್ನು ಅತಿ ಕಡಿಮೆ ಅಪಾಯದ ವಲಯ 2ರಲ್ಲಿ ಇಟ್ಟಿದೆ. ಆದರೆ ವಲಯದ ನಕ್ಷೆಯೇ ಕೊನೆಯ ಮಾತಲ್ಲ. 1993ರಲ್ಲಿ ನಮ್ಮ ಗಡಿಗೆ ಹತ್ತಿರದ ಕಿಲ್ಲಾರಿಯಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಭೂಕಂಪ ನಡೆದದ್ದು ಆಗ ಅತ್ಯಂತ ಸುರಕ್ಷಿತ ಅಂತ ಗುರುತಿಸಿದ್ದ ವಲಯದಲ್ಲಿ.

ಇನ್ನು ನಾವು ಮುಚ್ಚಿದ ಕೆರೆಗಳು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣದ ಜಾಗ ಸಂಪಂಗಿ ಕೆರೆ. ಇಂಥ ಕಡೆ 8 ಮೀಟರ್ ದಪ್ಪದ ಹೂಳು, ತುಂಬಿದ ಮಣ್ಣು ಇದ್ದು, ಅಲೆಯ ವೇಗ ಸೆಕೆಂಡಿಗೆ 160 ಮೀಟರ್ ಅಂದುಕೊಳ್ಳಿ. ಮೇಲಿನ ಲೆಕ್ಕದ ಪ್ರಕಾರ ಲಯ 0.2 ಸೆಕೆಂಡ್. ಅದು ಎರಡು ಮಹಡಿ ಮನೆಯ ಲಯ! ಮೆಕ್ಸಿಕೋದಲ್ಲಿ ಮಧ್ಯಮ ಎತ್ತರದ ಕಟ್ಟಡಗಳಿಗೆ ಆದದ್ದು ಇಲ್ಲಿ ಇಂಜಿನಿಯರ್ ಮುಖವನ್ನೇ ನೋಡದ ಸಣ್ಣ ಮನೆಗಳಿಗೆ ಆಗಬಹುದು.

ಕೇಳಬೇಕಾದ ಪ್ರಶ್ನೆ

ಐಎಸ್ 1893 ಮಣ್ಣನ್ನು ಗಟ್ಟಿ, ಮಧ್ಯಮ, ಮೆತ್ತನೆ ಅಂತ ಮೂರು ಬಗೆ ಮಾಡುತ್ತದೆ. ಲಯ ದೀರ್ಘವಾಗಿರುವ ಎತ್ತರದ ಕಟ್ಟಡಗಳನ್ನು ಮೆತ್ತನೆ ಮಣ್ಣಿನ ಮೇಲೆ ಕಟ್ಟುವಾಗ, ಬಂಡೆಯ ಮೇಲಿನದಕ್ಕಿಂತ 1.67 ಪಟ್ಟು ಬಲಕ್ಕೆ ವಿನ್ಯಾಸ ಮಾಡಬೇಕು ಅನ್ನುತ್ತದೆ. ಬೀದಿ ಮಟ್ಟದ ಮಣ್ಣಿನ ನಕ್ಷೆ ಮಾಡುವ ವಿದ್ಯೆಯೂ ನಮ್ಮಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನೂರಾರು ಕೊಳವೆ ರಂಧ್ರಗಳ ಮಾಹಿತಿ ಸೇರಿಸಿ ಈ ನಗರದ ಸೂಕ್ಷ್ಮ ವಲಯ ಅಧ್ಯಯನ ಮಾಡಿದ್ದಾರೆ.

ಇಷ್ಟೆಲ್ಲ ಇದ್ದ ಮೇಲೆ ಪ್ರಶ್ನೆ ವಿಜ್ಞಾನದ್ದಲ್ಲ, ಆಡಳಿತದ್ದು. ಫ್ಲ್ಯಾಟ್ ಕೊಳ್ಳುವವರಿಗೆ, ಕೆರೆಯಂಗಳದ ಬಡಾವಣೆಯಲ್ಲಿ ಬಾಡಿಗೆಗೆ ಇರುವವರಿಗೆ ತಮ್ಮ ಕಾಲ ಕೆಳಗೆ ಬಂಡೆ ಇದೆಯೋ ಹೂಳು ಇದೆಯೋ ತಿಳಿಯುವ ಹಕ್ಕಿಲ್ಲವೇ? ನಕ್ಷೆ ಮಂಜೂರು ಮಾಡುವಾಗ ಮಣ್ಣಿನ ವರದಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿ ಅಂತ ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ನಿಮ್ಮ ವಾರ್ಡಿನಲ್ಲಿ ಮೊದಲು ಕೆರೆ ಇತ್ತಾ ಅಂತ ಹಿರಿಯರನ್ನು ಕೇಳಿ. ಅವರು ಹೇಳಿದ್ದನ್ನು ಹಿಡಿದುಕೊಂಡು ಪಾಲಿಕೆ ಕಚೇರಿಗೆ ಹೋಗಿ.