ಹಾಡಿನ ಭಿತ್ತಿಪತ್ರ: ಕಣ್ಣಿಗೂ ಬೀಳಬೇಕು, ಹೆಸರೂ ಉಳಿಯಬೇಕು

ಎಲ್ಲೂರು: ಜಾತ್ರೆ, ಬ್ರಹ್ಮಕಲಶೋತ್ಸವಗಳ ಸಂದರ್ಭದಲ್ಲಿ ಭಕ್ತಿಗೀತೆಗಳ ಧ್ವನಿಸುರುಳಿ ಬಿಡುಗಡೆ ಮಾಡುವುದು ಕರಾವಳಿಯ ರೂಢಿ. ವಿಶ್ವೇಶ್ವರ ದೇವಸ್ಥಾನದಿಂದ ಹೆಸರಾದ ಕಾಪು ತಾಲ್ಲೂಕಿನ ಎಲ್ಲೂರಿನಂಥ ಊರುಗಳಲ್ಲಿ ಇಂಥ ಧ್ವನಿಸುರುಳಿಗೆ ದೊಡ್ಡ ಕಂಪನಿಯ ಜಾಹೀರಾತಿನ ಬೆಂಬಲ ಇರುವುದು ವಿರಳ. ಹಾಡನ್ನು ಜನರಿಗೆ ತಲುಪಿಸುವ ಅಗ್ಗದ ಸಾಧನವೆಂದರೆ ಒಂದು ಭಿತ್ತಿಪತ್ರ, ಅರ್ಥಾತ್ ಪೋಸ್ಟರ್.

ಹೆಚ್ಚಿದ ಹೊಣೆ

ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಗುರುತಿಸಲಾಗುವ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದಿತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ್ದರು. ಅಲ್ಲಿಂದ ಮುಂದಿನ ಕ್ಯಾಸೆಟ್ ಯುಗದಲ್ಲಿ ಪೆಟ್ಟಿಗೆಯೊಳಗಿನ ಚೀಟಿಯೇ ಹಾಡಿನ ದಾಖಲೆಯಾಗಿತ್ತು. ಸಾಹಿತ್ಯ, ಸಂಗೀತ, ಗಾಯನ ಮಾತ್ರವಲ್ಲದೆ ಕೊಳಲು, ತಬಲಾ ನುಡಿಸಿದವರ ಹೆಸರೂ ಅದರಲ್ಲಿ ಅಚ್ಚಾಗುತ್ತಿತ್ತು. ಹಾಡು ಮೊಬೈಲ್ ಸೇರಿದ ಮೇಲೆ ಆ ಚೀಟಿ ಇಲ್ಲವಾಗಿದೆ. ಆದ್ದರಿಂದ ಭಿತ್ತಿಪತ್ರಕ್ಕೆ ಇಂದು ಎರಡು ಕೆಲಸ. ದಾರಿಹೋಕರನ್ನು ಸೆಳೆಯುವುದು ಒಂದು, ದುಡಿದವರ ಹೆಸರನ್ನು ಉಳಿಸುವುದು ಇನ್ನೊಂದು.

ಎರಡು ದೂರದ ಓದು

ಗಂಟೆಗೆ 40 ಕಿ.ಮೀ. ವೇಗದ ಬಸ್ಸು ಒಂದು ಸೆಕೆಂಡಿನಲ್ಲಿ ಸುಮಾರು 11 ಮೀಟರ್ ಸಾಗುತ್ತದೆ. ಪ್ರಯಾಣಿಕರ ಕಣ್ಣಿಗೆ ಸಿಗುವುದು ಎರಡು ಮೂರು ಕ್ಷಣ ಮಾತ್ರ. ಅಷ್ಟರಲ್ಲಿ ಧ್ವನಿಸುರುಳಿಯ ಹೆಸರು ಮತ್ತು ಒಂದು ಚಿತ್ರ ಮನಸ್ಸಿಗೆ ಇಳಿದರೆ ಸಾಕು. ಬಸ್ ನಿಲ್ದಾಣದಲ್ಲಿ ನಿಂತವರಿಗಾದರೋ ಓದಲು ಸಮಯವಿದೆ. ಗಾಯಕರು, ಕವಿ, ವಾದ್ಯಗಾರರು, ಧ್ವನಿಮುದ್ರಣ ಮಾಡಿದವರ ವಿವರ ಅವರಿಗೆಂದು ಕೆಳಭಾಗದಲ್ಲಿರಬೇಕು.

ಯಕ್ಷಗಾನದ ಕರಪತ್ರಗಳನ್ನು ಕಂಡವರಿಗೆ ಈ ಕ್ರಮ ಹೊಸದಲ್ಲ. ಮೇಳ ಮತ್ತು ಪ್ರಸಂಗದ ಹೆಸರು ದಪ್ಪ ಅಕ್ಷರದಲ್ಲಿ, ಕಲಾವಿದರ ಪಟ್ಟಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಈ ಅನುಕ್ರಮ ಕೆಡುವುದು ದಾನಿಗಳು, ಮುಖಂಡರ ಭಾವಚಿತ್ರಗಳು ಹಾಳೆಯನ್ನು ತುಂಬಿದಾಗ. ಹತ್ತು ಮುಖಗಳ ನಡುವೆ ಹಾಡಿದವರ ಮುಖ ಯಾವುದೆಂದು ತಿಳಿಯದೆ ಹೋಗುತ್ತದೆ. ದಾನಿಗಳಿಗೆ ಕೃತಜ್ಞತೆಯ ಒಂದು ಸಾಲು ಮೀಸಲಿಡಬಹುದು.

ಅಕ್ಷರ ವಿನ್ಯಾಸ

10 ಅಡಿ ದೂರದಿಂದ ಸುಲಭವಾಗಿ ಓದಲು ಅಕ್ಷರ 1 ಅಂಗುಲ ಎತ್ತರವಿರಬೇಕೆಂಬುದು ಫಲಕಗಳ ಸಾಮಾನ್ಯ ಲೆಕ್ಕ. ಕನ್ನಡದಲ್ಲಿ ಒತ್ತಕ್ಷರವನ್ನು ಬಿಟ್ಟು ಮೂಲ ಅಕ್ಷರದ ಎತ್ತರವನ್ನಷ್ಟೇ ಎಣಿಸಬೇಕು. ಒತ್ತುಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಧಾರಾಳ ಜಾಗ ಬಿಡುವುದು ಅಗತ್ಯ. ‘ವಿಶ್ವೇಶ್ವರ’ದಂಥ ಪದವನ್ನು ಇಕ್ಕಟ್ಟಿಗೆ ಸಿಲುಕಿಸಿದರೆ ದೂರದಿಂದ ಓದಲಾಗದು.

ತುಳು ಹಾಡುಗಳ ಶೀರ್ಷಿಕೆಯನ್ನು ತುಳು ಲಿಪಿಯಲ್ಲಿ ಬರೆಯುವ ಉತ್ಸಾಹವೂ ಕಾಣುತ್ತಿದೆ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್‌ಗೆ ಸೇರಿದೆ. ಆದರೆ ಅದನ್ನು ಓದಬಲ್ಲವರು ಇನ್ನೂ ಕಡಿಮೆ ಇರುವುದರಿಂದ ಕನ್ನಡ ಲಿಪಿಯ ಶೀರ್ಷಿಕೆ ಜೊತೆಗಿರಲೇಬೇಕು.

ಚಿತ್ರ

ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕಲಾವಿದ ಕೆ.ಕೆ. ಹೆಬ್ಬಾರರು ನೃತ್ಯ, ಸಂಗೀತದ ಲಯವನ್ನು ಕೆಲವೇ ಗೆರೆಗಳಲ್ಲಿ ಹಿಡಿದವರು. ಹಾಡಿನ ಭಾವವನ್ನು ಹೇಳಲು ಚಿತ್ರಗಳ ರಾಶಿ ಬೇಕಿಲ್ಲ ಎಂಬುದಕ್ಕೆ ಅವರ ರೇಖಾಚಿತ್ರಗಳೇ ನಿದರ್ಶನ.

ಭಕ್ತಿಗೀತೆಗೆ ದೇವರ ಚಿತ್ರವನ್ನೇ ಹಾಕುವುದು ವಾಡಿಕೆ. ಆದರೆ ಗೋಡೆಯ ಹಾಳೆ ಮಳೆಗೆ ನೆನೆದು, ಹರಿದು, ಕಾಲಡಿಗೆ ಬೀಳುತ್ತದೆ. ದೈವಗಳ ವೇಷದ ಚಿತ್ರವನ್ನು ಪ್ರಚಾರಕ್ಕೆ ಬಳಸುವುದಕ್ಕೆ ತುಳುನಾಡಿನಲ್ಲಿ ಆಕ್ಷೇಪಗಳೂ ಕೇಳಿಬಂದಿವೆ. ಬಿಲ್ವಪತ್ರೆ, ಕಾಲುದೀಪ, ಗುಡಿಯ ಮಾಡಿನ ರೇಖೆ ಇವುಗಳಿಂದಲೂ ಅದೇ ಭಾವ ಮೂಡಿಸಬಹುದು. ಬೇರೆಯವರು ತೆಗೆದ ಛಾಯಾಚಿತ್ರವನ್ನು ಅಂತರಜಾಲದಿಂದ ಎತ್ತಿ ಬಳಸುವುದು 1957ರ ಹಕ್ಕುಸ್ವಾಮ್ಯ ಕಾಯ್ದೆಯ ಉಲ್ಲಂಘನೆಯಾದೀತು.

ಮುದ್ರಣಕ್ಕೆ ಮುನ್ನ

ನಿಲ್ದಾಣ, ಅಂಗಡಿಗಳಿಗೆ 297×420 ಮಿ.ಮೀ.ನ ಎ3 ಹಾಳೆ, ರಸ್ತೆ ಬದಿಗೆ 20×30 ಅಂಗುಲದ ಹಾಳೆ ಅನುಕೂಲಕರ. ಛಾಯಾಚಿತ್ರ ಅಂಗುಲಕ್ಕೆ 300 ಚುಕ್ಕಿಗಳಷ್ಟು ಸ್ಪಷ್ಟವಾಗಿರಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರ ಹಿಗ್ಗಿಸಿದಾಗ ಮಸುಕಾಗುತ್ತದೆ. ಬಣ್ಣಗಳು ಮುದ್ರಣದ ನಾಲ್ಕು ವರ್ಣಗಳ ಕ್ರಮದಲ್ಲಿರಬೇಕು. ಕತ್ತರಿಸುವ ಅಂಚಿನಾಚೆಗೆ ಹಿನ್ನೆಲೆ 3 ಮಿ.ಮೀ. ಚಾಚಿರಬೇಕು. ಬಳಸಿದ ಫಾಂಟ್ ಮುದ್ರಣಾಲಯದ ಗಣಕದಲ್ಲಿ ಇಲ್ಲದಿದ್ದರೆ ಅಕ್ಷರಗಳು ಕಲಸಿಹೋಗುತ್ತವೆ. ಆದ್ದರಿಂದ ಅವುಗಳನ್ನು ‘ಕರ್ವ್’ಗೆ ಪರಿವರ್ತಿಸಿ ಕಳುಹಿಸುವುದು ಕ್ಷೇಮ. ಅದಕ್ಕೂ ಮೊದಲು ಪ್ರತಿ ಹೆಸರಿನ ಕಾಗುಣಿತವನ್ನು ಆಯಾ ಕಲಾವಿದರಿಂದಲೇ ಪರಿಶೀಲಿಸಬೇಕು.

ಹಾಡು ಎಲ್ಲಿ ಸಿಗುತ್ತದೆಂದು ತಿಳಿಸದ ಭಿತ್ತಿಪತ್ರ ಅಪೂರ್ಣ. ಕ್ಯೂಆರ್ ಸಂಕೇತದ ಅಗಲ ಅದನ್ನು ಓದುವ ದೂರದ ಹತ್ತರಲ್ಲೊಂದು ಪಾಲು ಇರಬೇಕು. ಅರ್ಧ ಮೀಟರ್ ದೂರಕ್ಕೆ 5 ಸೆಂ.ಮೀ. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಸಂಕೇತ ಮುದ್ರಿಸಿ, ಮುದ್ರಣಕ್ಕೆ ಮುನ್ನ ಪರೀಕ್ಷಿಸಬೇಕು. ಸಂಕೇತ ಬಳಸಲು ಬಾರದವರಿಗಾಗಿ ಹುಡುಕಬೇಕಾದ ಹೆಸರನ್ನು ಪಕ್ಕದಲ್ಲೇ ಬರೆಯುವುದು ಲೇಸು.

ಎಲ್ಲಿ ಅಂಟಿಸಬಹುದು?

ಕರ್ನಾಟಕ ಬಹಿರಂಗ ಸ್ಥಳಗಳ ವಿರೂಪ ತಡೆ ಕಾಯ್ದೆ 1981ರಿಂದ ಇದೆ. ಅದು ಜಾರಿಯಲ್ಲಿರುವ ಊರುಗಳಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಜಾಹೀರಾತು ಅಂಟಿಸಿದರೆ 6 ತಿಂಗಳವರೆಗೆ ಸೆರೆವಾಸ, 1,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್‌ಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಕಾಗದ ಅಥವಾ ಬಟ್ಟೆಯೇ ಸೂಕ್ತ. ಅಂಗಡಿ, ಹೋಟೆಲ್, ಭಜನಾ ಮಂದಿರಗಳಲ್ಲಿ ಮಾಲೀಕರ ಒಪ್ಪಿಗೆ ಪಡೆದು ಒಳಗೋಡೆಗೆ ಹಾಕಿದ ಹಾಳೆ ಹೆಚ್ಚು ದಿನ ಬಾಳುತ್ತದೆ.

ಉತ್ಸವ ಮುಗಿದ ಬಳಿಕ ಹಾಳೆಗಳನ್ನು ತೆಗೆಯುವುದೂ ಪ್ರಕಟಿಸಿದವರ ಹೊಣೆ. ಆದರೆ ಒಂದು ಪ್ರತಿಯನ್ನು ಇಸವಿ ಸಹಿತ ದೇವಸ್ಥಾನದಲ್ಲೋ ಊರ ಗ್ರಂಥಾಲಯದಲ್ಲೋ ಇರಿಸಬೇಕು. ಈ ಹಾಡಿಗೆ ಕೊಳಲು ನುಡಿಸಿದವರು ಯಾರೆಂದು ಮುಂದೊಂದು ದಿನ ಯಾರಾದರೂ ಕೇಳಿದರೆ, ಉತ್ತರ ಆ ಹಾಳೆಯಲ್ಲಿರುತ್ತದೆ.